ವಾಲ್ವಿನ ತಲೆ ಮೇಲಿನ ಡಬ್ಬಿ

ಓದುಗರ ಪ್ರಶ್ನೆ, ಟೆಕ್ನಿಷಿಯನ್ ಉತ್ತರ

ಕಳೆದ ಸಂಚಿಕೆಯಲ್ಲಿ ಕಂಪ್ರೆಸರ್ ಗಾಳಿಯ ಬಗ್ಗೆ ಬರೆಯುವಾಗ ಲಿಮಿಟ್ ಸ್ವಿಚ್ ಬಾಕ್ಸಿನ (ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಸುವ ಡಬ್ಬಿ) ಹೆಸರು ಸುಮ್ನೆ ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಅದನ್ನೇ ಹಿಡಿದುಕೊಂಡು ಸುಮಾರು ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅದೇ. ನನ್ನ ಪರಿಚಯ ಕೇಳಿದವರಿಗೆ ಒಂದು ಮಾತು: ನಾನು ಸುರತ್ಕಲ್ ಕಡೆಯವನು. ಪಣಂಬೂರು, ಬೈಕಂಪಾಡಿ ಸುತ್ತಿನ ಕಾರ್ಖಾನೆಗಳ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಎಂಜಿನಿಯರ್ ಅಲ್ಲ, ಟೆಕ್ನಿಷಿಯನ್. ಪುಸ್ತಕದ ಉತ್ತರವೇ ಬೇಕು ಎನ್ನುವವರಿಗೆ ನಮ್ಮೂರಲ್ಲೇ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಉಂಟು.

ಬೈಕಂಪಾಡಿಯ ಖಾದ್ಯ ತೈಲ ಕಾರ್ಖಾನೆಗೆ ಹೊಸದಾಗಿ ಸೇರಿದ್ದೇನೆ. ಗಾಳಿಯಿಂದ ಓಡುವ ಪ್ರತಿ ವಾಲ್ವಿನ ಮೇಲೂ ಒಂದು ಡಬ್ಬಿ, ಅದರ ಮೇಲೊಂದು ಬಣ್ಣದ ಗುಮ್ಮಟ. 'ಫೀಡ್‌ಬ್ಯಾಕ್ ಬಾಕ್ಸ್' ಎನ್ನುತ್ತಾರೆ. ತೆರೆ, ಮುಚ್ಚು ಎಂದು ಕಂಪ್ಯೂಟರೇ ಹೇಳುತ್ತದೆ. ಹೇಳಿದ ಮೇಲೆ ವಾಲ್ವ್ ಕೇಳಲೇಬೇಕಲ್ಲ? ಮತ್ತೆ ಈ ಡಬ್ಬಿ ಯಾಕೆ?
— ಓದುಗರು, ಕೂಳೂರು

ಕೇಳಲೇಬೇಕು ಅಂತ ಯಾರು ಹೇಳಿದ್ದು ಮಾರಾಯ್ರೆ? ಮಗನಿಗೆ 'ಹಾಲು ತಾ' ಎಂದದ್ದು ನಿಜ. ಅವನು ಅಂಗಡಿಗೆ ಹೋದನೋ, ಮೊಬೈಲ್ ನೋಡುತ್ತ ಜಗಲಿಯಲ್ಲೇ ಕೂತನೋ ಅನ್ನುವುದು ಬೇರೆ ವಿಷಯ ಅಲ್ವಾ?

ಕಂಟ್ರೋಲ್ ರೂಮಿನಿಂದ 'ತೆರೆ' ಎಂದು ಆಜ್ಞೆ ಹೊರಟರೆ ಮೊದಲು 24 ವೋಲ್ಟ್ ಕರೆಂಟ್ ಸೊಲೆನಾಯ್ಡ್ ಕಾಯಿಲಿಗೆ (ಕರೆಂಟ್ ಬಂದಾಗ ಆಯಸ್ಕಾಂತವಾಗುವ ತಂತಿಸುರುಳಿ) ಹೋಗುತ್ತದೆ. ಕಾಯಿಲ್ ಒಳಗಿನ ಸ್ಪೂಲನ್ನು, ಅಂದರೆ ಗಾಳಿಗೆ ದಾರಿ ಬಿಡುವ ಕಡ್ಡಿಯನ್ನು, ಎಳೆಯಬೇಕು. ಆಗ ಐದಾರು ಬಾರ್ ಒತ್ತಡದ ಗಾಳಿ ವಾಲ್ವನ್ನು ತಿರುಗಿಸುವ ಆಕ್ಚುಯೇಟರಿಗೆ ನುಗ್ಗಬೇಕು. ಪಿಸ್ಟನ್ ಸರಿಯಬೇಕು. ಅದರ ಹಲ್ಲು ನಡುವಿನ ಶಾಫ್ಟನ್ನು ಕಾಲು ಸುತ್ತು ತಿರುಗಿಸಬೇಕು. ಶಾಫ್ಟ್ ಕೆಳಗಿರುವ ವಾಲ್ವನ್ನು ತಿರುಗಿಸಬೇಕು. ಕಾಯಿಲ್ ಸುಟ್ಟಿರಬಹುದು. ಸ್ಪೂಲ್ ಅಂಟಿರಬಹುದು. ಯಾರೋ ಏರ್ ಲೈನಿನ ಕಾಕ್ ಮುಚ್ಚಿ ಊಟಕ್ಕೆ ಹೋಗಿರಬಹುದು. ನಿಮ್ಮಲ್ಲಾದರೆ ಪಾಮ್ ಎಣ್ಣೆ ತಣಿದು ಗಟ್ಟಿಯಾಗಿ ವಾಲ್ವನ್ನೇ ಹಿಡಿದಿರಲೂಬಹುದು. ಇದರಲ್ಲಿ ಯಾವುದು ಕೈಕೊಟ್ಟರೂ ಆಜ್ಞೆ ಮಾತ್ರ ಪರದೆಯ ಮೇಲೆ ಚೆಂದಕ್ಕೆ ಹೊಳೆಯುತ್ತಿರುತ್ತದೆ.

ಆ ಡಬ್ಬಿಯೇ ಲಿಮಿಟ್ ಸ್ವಿಚ್ ಬಾಕ್ಸ್. ಅದರ ಕೆಲಸ ಇಷ್ಟೇ. ಆಕ್ಚುಯೇಟರ್ ಶಾಫ್ಟಿನ ತುದಿಯಲ್ಲಿ ಒಂದು ಕಚ್ಚು ಕೊರೆದಿರುತ್ತದೆ. ಡಬ್ಬಿಯ ಶಾಫ್ಟ್ ಅದರಲ್ಲಿ ಕೂತು ಜೊತೆಗೇ ತಿರುಗುತ್ತದೆ. ಒಳಗೆ ಎರಡು ಕ್ಯಾಮ್ (ಶಾಫ್ಟಿನ ಜೊತೆ ತಿರುಗುವ ಉಬ್ಬು ಚಕ್ರ), ಎರಡು ಸ್ವಿಚ್. ಪೂರ್ತಿ ಮುಚ್ಚಿದಾಗ ಒಂದು ಕ್ಯಾಮ್ ಒಂದು ಸ್ವಿಚ್ಚನ್ನು ಒತ್ತುತ್ತದೆ, ಪೂರ್ತಿ ತೆರೆದಾಗ ಇನ್ನೊಂದು. ಎರಡೂ ಒತ್ತಿಲ್ಲ ಎಂದರೆ ವಾಲ್ವ್ ದಾರಿಯಲ್ಲಿದೆ. ಇಷ್ಟು ಸೆಕೆಂಡಿನಲ್ಲಿ ತಲುಪಬೇಕು ಎಂದು ಪಿಎಲ್‌ಸಿಯಲ್ಲಿ, ಅಂದರೆ ವಾಲ್ವಿಗೆ ಆಜ್ಞೆ ಕೊಡುವ ಕಂಪ್ಯೂಟರಿನಲ್ಲಿ, ಟೈಮರ್ ಇಟ್ಟಿರುತ್ತಾರೆ. ತಲುಪದಿದ್ದರೆ ಅಲಾರಂ. ಎರಡೂ ಒಟ್ಟಿಗೆ ಒತ್ತಿದೆ ಎಂದು ಬಂದರೆ ಅದು ಆಗದ ಮಾತು. ಸ್ವಿಚ್ಚಿನಲ್ಲೋ, ವೈರಿನಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ.

ಇದು ದೊಡ್ಡ ವಿಷಯವೇ ಎಂದು ಕೇಳುವವರಿಗೆ ನಾನು ಯಾವಾಗಲೂ ಹೇಳುವುದು ಅಮೆರಿಕದ ತ್ರೀ ಮೈಲ್ ಐಲೆಂಡ್ ಕತೆ. 1979ರ ಮಾರ್ಚ್ 28, ಬೆಳಗಿನ ಜಾವ ನಾಲ್ಕು ಗಂಟೆ. ಪೆನ್ಸಿಲ್ವೇನಿಯಾದ ಆ ಅಣು ವಿದ್ಯುತ್ ಸ್ಥಾವರದ ಎರಡನೇ ಘಟಕದಲ್ಲಿ ನೀರಿನ ಪಂಪುಗಳು ನಿಂತವು. ರಿಯಾಕ್ಟರಿನಲ್ಲಿ ಒತ್ತಡ ಏರಿತು. ಒತ್ತಡ ಇಳಿಸುವ ರಿಲೀಫ್ ವಾಲ್ವ್ ತಾನಾಗಿ ತೆರೆಯಿತು. ಅಷ್ಟರ ಮಟ್ಟಿಗೆ ಸರಿಯೇ. ಕೆಲವೇ ಸೆಕೆಂಡಿನಲ್ಲಿ ಅದು ಮತ್ತೆ ಮುಚ್ಚಬೇಕಿತ್ತು. ಮುಚ್ಚಲಿಲ್ಲ, ತೆರೆದೇ ಸಿಕ್ಕಿಬಿತ್ತು. ಪ್ಯಾನಲ್ಲಿನ ದೀಪ ಮಾತ್ರ ಆರಿತು. ಯಾಕೆಂದರೆ ಆ ದೀಪದ ವೈರ್ ಹೋಗಿದ್ದದ್ದು ಸೊಲೆನಾಯ್ಡಿನ ಕರೆಂಟಿಗೆ, ವಾಲ್ವಿಗಲ್ಲ. ಕರೆಂಟ್ ತೆಗೆದದ್ದು ನಿಜ, ದೀಪ ಆರಿದ್ದೂ ನಿಜ. ಆಪರೇಟರುಗಳು ವಾಲ್ವ್ ಮುಚ್ಚಿದೆ ಎಂದುಕೊಂಡರು. ಎರಡು ಗಂಟೆಗೂ ಮೇಲೆ ತಂಪು ಮಾಡುವ ನೀರು ಅಲ್ಲಿಂದ ಹರಿದುಹೋಗುತ್ತಲೇ ಇತ್ತು. ಕೊನೆಗೆ ಅದೇ ಲೈನಿನ ಬ್ಲಾಕ್ ವಾಲ್ವ್ ಮುಚ್ಚಿದ ಮೇಲೆ ನಿಂತಿತು. ಅಷ್ಟರಲ್ಲಿ ಒಳಗೆ ಇಂಧನ ಕರಗುವ ಸ್ಥಿತಿ ಬಂದಿತ್ತು. ರಿಯಾಕ್ಟರಿನ ಗರ್ಭದ ಅರ್ಧದಷ್ಟು ಕರಗಿತ್ತು ಎಂದು ಆಮೇಲೆ ಗೊತ್ತಾಯಿತು. ಕಾರಣ ಅದೊಂದೇ ಅಲ್ಲ, ಬೇರೆ ಎಡವಟ್ಟುಗಳೂ ಇದ್ದವು. ಆದರೆ ಆಮೇಲೆ ಅಲ್ಲಿನ ಸರ್ಕಾರ ಮಾಡಿದ ನಿಯಮಗಳಲ್ಲಿ ಒಂದು ಇದು: ರಿಲೀಫ್ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಕಂಟ್ರೋಲ್ ರೂಮಿಗೆ ನೇರವಾಗಿ ಗೊತ್ತಾಗಬೇಕು.

ನಿಮ್ಮ ಕಾರ್ಖಾನೆಯ ಪರದೆಯಲ್ಲಿ ಯಾವ ದೀಪ ಕಂಡರೂ ಒಂದು ಪ್ರಶ್ನೆ ಕೇಳಿ: ಇದರ ವೈರ್ ಎಲ್ಲಿಗೆ ಹೋಗಿದೆ? ಡ್ರಾಯಿಂಗ್ ತೆಗೆಸಿ ನೋಡಿ. ಹೊಸಬರು ಕೇಳಿದರೆ ಯಾರೂ ಬೈಯುವುದಿಲ್ಲ. ಹತ್ತು ವರ್ಷ ಆದ ಮೇಲೆ ಕೇಳಲು ನಾಚಿಕೆ ಆಗುತ್ತದೆ.

ಪಣಂಬೂರು ಕಡೆ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಜೂನ್ ಬಂತೆಂದರೆ ಫೀಡ್‌ಬ್ಯಾಕ್ ಅಲಾರಂ ಶುರು. 'ಓಪನ್', 'ಕ್ಲೋಸ್' ಎರಡೂ ಒಟ್ಟಿಗೆ ಬರುತ್ತವೆ. ಡಬ್ಬಿ ಬಿಚ್ಚಿದರೆ ಒಳಗೆ ನೀರು. ಐಪಿ 67 ಎಂದು ಬರೆದ ಹೊಸ ಡಬ್ಬಿಯನ್ನೇ ಹಾಕಿದ್ದೇವೆ. ಆದರೂ ನೀರು ಎಲ್ಲಿಂದ? ಸಿಲಿಕೋನ್ ಬಳಿದರೆ ಸಾಕಾ?
— ಹೆಸರು ಬೇಡ ಎಂದಿದ್ದಾರೆ

ಹೆಸರು ಬೇಡ ಎಂದದ್ದು ಒಳ್ಳೆಯದೇ. ಈ ಸಮಸ್ಯೆ ಕರಾವಳಿಯ ಎಲ್ಲ ಕಾರ್ಖಾನೆಯದ್ದೂ ಹೌದು.

ಮೊದಲು ಆ ಅಂಕೆ. 6 ಎಂದರೆ ಧೂಳು ಹೋಗದು. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಹಾನಿಯಾಗುವಷ್ಟು ನೀರು ಒಳಗೆ ಹೋಗದು. ಈ ಪರೀಕ್ಷೆ ಮಾಡುವುದು ಹೊಸ ಡಬ್ಬಿಗೆ, ನಾಲ್ಕೂ ಬೋಲ್ಟ್ ಸರಿಯಾಗಿ ಬಿಗಿದು, ಕೇಬಲ್ ತೂತುಗಳನ್ನು ಸರಿಯಾಗಿ ಮುಚ್ಚಿ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಮಳೆ ಮೇಲಿಂದ ಬಿದ್ದು ಒಳಗೆ ಹೋಗುತ್ತದೆ ಎಂದೇ ಎಲ್ಲರ ಲೆಕ್ಕ. ಹೆಚ್ಚಾಗಿ ಡಬ್ಬಿಯೇ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮಳೆ ಬಿಟ್ಟು ಬಿಸಿಲು ಬಂದ ದಿನ ಪೈಪ್ ರ್‍ಯಾಕಿನ ಮೇಲಿನ ಅಲ್ಯೂಮಿನಿಯಂ ಡಬ್ಬಿ ಕೈ ಇಡಲಾಗದಷ್ಟು ಕಾಯುತ್ತದೆ. 60 ಡಿಗ್ರಿ ಎಂದೇ ಇಟ್ಟುಕೊಳ್ಳಿ. ಒಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಮೂರು ಗಂಟೆಗೆ ಒಮ್ಮೆಲೇ ಮಳೆ. ಡಬ್ಬಿ 25 ಡಿಗ್ರಿಗೆ ಇಳಿಯುತ್ತದೆ. ಒಳಗಿನ ಒತ್ತಡ ಹತ್ತರಲ್ಲಿ ಒಂದು ಪಾಲು ಬೀಳುತ್ತದೆ. ಅಂದರೆ ಸುಮಾರು 0.1 ಬಾರ್. ನೀರಿನ ಲೆಕ್ಕದಲ್ಲಿ ಅದು ಒಂದು ಮೀಟರ್! ಪ್ರತಿ ಬಿಸಿಲು–ಮಳೆಗೂ ನಿಮ್ಮ ಡಬ್ಬಿ ಒಂದು ಮೀಟರ್ ನೀರಿನ ಪರೀಕ್ಷೆಗೆ ಕೂರುತ್ತದೆ. ಅದೂ ಹಳೇ ಓ–ರಿಂಗ್ (ಮುಚ್ಚಳದ ಅಡಿಯ ರಬ್ಬರ್ ಬಳೆ) ಹಾಕಿಕೊಂಡು, ಮೇಲೆಲ್ಲ ನೀರು ಸುರಿಯುವಾಗ. ಎಲ್ಲಿ ಕೂದಲೆಳೆಯಷ್ಟು ಸಂದು ಉಂಟೋ ಅಲ್ಲಿಂದ ಎಳೆದುಕೊಳ್ಳುತ್ತದೆ.

ಆ ಸಂದು ಹೆಚ್ಚಾಗಿ ಮುಚ್ಚಳದಲ್ಲಿ ಇರುವುದೇ ಇಲ್ಲ, ಕೇಬಲ್ ಕಡೆ ಇರುತ್ತದೆ. ಡಬ್ಬಿಗೆ ಎರಡು ಕೇಬಲ್ ತೂತು ಇರುತ್ತವೆ. ಒಂದಕ್ಕೆ ಕೇಬಲನ್ನು ಬಿಗಿಯಾಗಿ ಹಿಡಿಯುವ ಗ್ಲ್ಯಾಂಡ್ ಹಾಕುತ್ತಾರೆ. ಇನ್ನೊಂದರಲ್ಲಿ ಕಂಪನಿಯಿಂದ ಬರುವಾಗ ಇದ್ದ ಪ್ಲಾಸ್ಟಿಕ್ ಬಿರಡೆ ಹಾಗೇ ಇರುತ್ತದೆ. ಅದು ಸಾಗಾಟದಲ್ಲಿ ಧೂಳು ಹೋಗದಿರಲಿ ಎಂದು ಹಾಕಿದ್ದು. ಎರಡು ಬೇಸಿಗೆಯಲ್ಲಿ ಬಿಸಿಲಿಗೆ ಒಡೆದು ಹೋಗುತ್ತದೆ. ಅದನ್ನು ತೆಗೆದು ಲೋಹದ ಸ್ಟಾಪಿಂಗ್ ಪ್ಲಗ್ ಹಾಕಿ. ಇನ್ನೊಂದು, ದಪ್ಪ ಕೇಬಲಿನ ಗ್ಲ್ಯಾಂಡಿಗೆ ಸಪೂರ ಕೇಬಲ್ ತುರುಕಿ ಇನ್ಸುಲೇಷನ್ ಟೇಪ್ ಸುತ್ತುವ ಅಭ್ಯಾಸ. ಇದನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕೇಬಲ್ ಮೇಲಿಂದ ಇಳಿದು ನೇರ ಗ್ಲ್ಯಾಂಡಿಗೆ ಹೋಗುವಂತೆ ಬಿಡಬೇಡಿ. ಗ್ಲ್ಯಾಂಡಿಗಿಂತ ಕೆಳಗೆ ಒಂದು ಬಾಗು ಕೊಟ್ಟು ಮೇಲೆ ತಂದು ಒಳಗೆ ಬಿಡಿ. ನೀರು ಆ ಬಾಗಿನ ಅಡಿಯಿಂದ ತೊಟ್ಟಿಕ್ಕಿ ಹೋಗುತ್ತದೆ. ಡಬ್ಬಿಯನ್ನು ತಿರುಗಿಸಿ ಕೂರಿಸಲು ಜಾಗ ಇದ್ದರೆ ಕೇಬಲ್ ತೂತು ಕೆಳಮುಖವಾಗಿ ಇರಲಿ.

ಬಿಚ್ಚಿದಾಗ ಸ್ವಲ್ಪ ನಿಂತು ನೋಡಿ. ಒರೆಸುವ ಅವಸರ ಬೇಡ. ತಳದಲ್ಲಿ ತಿಳಿ ನೀರು ನಿಂತು ಮುಚ್ಚಳದ ಅಂಚಿನಲ್ಲಿ ಬಿಳಿ ಹುಡಿ ಇದ್ದರೆ ಓ–ರಿಂಗ್ ಕಡೆ ನೋಡಿ. ಎಲ್ಲೋ ಒಂದು ಕಡೆ ಚಪ್ಪಟೆಯಾಗಿ ಸಿಕ್ಕಿಬಿದ್ದಿರುತ್ತದೆ, ಇಲ್ಲವೇ ಹೊಯ್ಗೆಯ ಕಣ ಕೂತಿರುತ್ತದೆ. ವೈರ್ ಕಟ್ಟುವ ಟರ್ಮಿನಲ್ಲಿನಲ್ಲಿ ಹಸಿರು ಕಿಲುಬು, ಕೇಬಲಿನ ತುದಿ ಸೀಳಿದರೆ ಒಳಗಿನ ತಾಮ್ರ ಕಪ್ಪಾಗಿದೆ ಎಂದರೆ ನೀರು ಬಂದದ್ದು ಕೇಬಲಿನ ಹೊಟ್ಟೆಯೊಳಗಿಂದ. ಆಗ ಡಬ್ಬಿ ಬದಲಿಸಿ ಏನೂ ಪ್ರಯೋಜನ ಇಲ್ಲ. ಆಚೆ ತುದಿಯ ಜಂಕ್ಷನ್ ಬಾಕ್ಸ್ ಬಿಚ್ಚಿ. ಕಳ್ಳ ಅಲ್ಲಿ ಕೂತಿರುತ್ತಾನೆ. ಕೆಲವು ಡಬ್ಬಿಯಲ್ಲಿ ನೀರಿನ ಬದಲು ಇರುವೆ ಗೂಡು ಸಿಗುತ್ತದೆ. ಅದೂ ಒಂದು ಸಾಕ್ಷಿಯೇ. ಇರುವೆ ಬರುವಷ್ಟು ದಾರಿ ಉಂಟು ಅಂತಾಯಿತಲ್ಲ.

'ಓಪನ್', 'ಕ್ಲೋಸ್' ಒಟ್ಟಿಗೆ ಬರುವುದು ಇದರಿಂದಲೇ. ಪಕ್ಕಪಕ್ಕದ ಟರ್ಮಿನಲ್ ಮಧ್ಯೆ ಉಪ್ಪು ನೀರು ಕೂತರೆ ಕರೆಂಟ್ ಸ್ವಿಚ್ಚಿನ ಮೂಲಕ ಹೋಗುವ ಬದಲು ನೀರಿನ ಮೂಲಕ ಹೋಗುತ್ತದೆ. ಪಿಎಲ್‌ಸಿ ಕಾರ್ಡಿಗೆ ಸಿಗ್ನಲ್ ಎಂದು ತೋರಲು ಕೆಲವೇ ಮಿಲಿಆಂಪ್ ಸಾಕು.

ಈಗ ಸಿಲಿಕೋನ್. ಬೇಡ. ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಮುಚ್ಚಿದ ಡಬ್ಬಿಯೊಳಗೆ ಅದು ತಾಮ್ರವನ್ನು ತಿನ್ನುತ್ತದೆ. ನಿಮ್ಮದು ಗ್ಯಾಸ್ ಇರುವ ಜಾಗ, ಡಬ್ಬಿ ಫ್ಲೇಮ್‌ಪ್ರೂಫ್ ಆದರೆ ಮಾತೇ ಬೇಡ. ಫ್ಲೇಮ್‌ಪ್ರೂಫ್ ಡಬ್ಬಿಯ ಮುಚ್ಚಳ ಮತ್ತು ಮೈ ಸೇರುವ ಪಟ್ಟಿ ಅಳೆದು ಮಾಡಿದ್ದು. ಒಳಗೆ ಕಿಡಿಯಿಂದ ಸ್ಫೋಟವಾದರೂ ಬೆಂಕಿ ಆ ಸಂದಿನಲ್ಲಿ ತಣಿದೇ ಹೊರಗೆ ಬರಬೇಕು. ಅಲ್ಲಿ ಅಂಟು ಬಳಿದರೆ, ಒಂದು ಬೋಲ್ಟ್ ಬಿಟ್ಟರೆ, ಸರ್ಟಿಫಿಕೇಟ್ ಬರೀ ಕಾಗದ. ತಯಾರಕರು ಹೇಳಿದ ಗ್ರೀಸನ್ನು ತೆಳ್ಳಗೆ ಹಚ್ಚಬಹುದು, ಅಷ್ಟೇ. ಸಿಲಿಕಾ ಜೆಲ್ ಪೊಟ್ಟಣ ಇಡುವವರೂ ಇದ್ದಾರೆ. ಸೋರುವ ಡಬ್ಬಿಯಲ್ಲಿ ಅದು ಬೇಗನೆ ನೀರು ಕುಡಿದು ಸುಮ್ಮನಾಗುತ್ತದೆ.

ಅಲ್ಯೂಮಿನಿಯಂ ಡಬ್ಬಿಗೆ ಸ್ಟೇನ್‌ಲೆಸ್ ಬೋಲ್ಟ್ ಇದ್ದರೆ ಎಳೆಗೆ ಆ್ಯಂಟಿ–ಸೀಜ್ ಪೇಸ್ಟ್ ಹಚ್ಚಿ. ಇಲ್ಲದಿದ್ದರೆ ಸಮುದ್ರದ ಗಾಳಿಗೆ ಎರಡು ಲೋಹ ಸೇರಿ ಬೋಲ್ಟ್ ಹಿಡಿದುಬಿಡುತ್ತದೆ, ಮುಂದಿನ ವರ್ಷ ತಿರುಗಿಸುವಾಗ ತಲೆ ಮುರಿಯುತ್ತದೆ. ಸಮುದ್ರಕ್ಕೆ ತಾಗಿದ ಜಾಗ, ದುಡ್ಡೂ ಉಂಟು ಎಂದಾದರೆ ಎಸ್‌ಎಸ್ 316 ಸ್ಟೇನ್‌ಲೆಸ್ ಸ್ಟೀಲಿನ ಡಬ್ಬಿ ತೆಗೆದುಕೊಳ್ಳಿ. ದುಡ್ಡಿಲ್ಲದಿದ್ದರೆ ಪೌಡರ್ ಕೋಟಿಂಗ್ ಗೀಚದ ಹಾಗೆ ನೋಡಿಕೊಳ್ಳಿ.

ಇದೆಲ್ಲ ಮೇ ತಿಂಗಳ ಕೆಲಸ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಡಬ್ಬಿಗಳ ಮುಚ್ಚಳ ಬಿಗಿದು ಆಗಿರಬೇಕು. ಮಳೆಯಲ್ಲಿ ಕೊಡೆ ಹಿಡಿದು ಡಬ್ಬಿ ಬಿಚ್ಚಿದರೆ ಒಳಗಿದ್ದ ನೀರಿಗಿಂತ ಜಾಸ್ತಿ ನೀವೇ ಹಾಕಿದ ಹಾಗಾಗುತ್ತದೆ.

ಪರದೆಯಲ್ಲಿ ವಾಲ್ವ್ 'ಕ್ಲೋಸ್'. ಮೇಲಿನ ಗುಮ್ಮಟವೂ 'ಕ್ಲೋಸ್'. ಆದರೂ ಪೈಪಿನಲ್ಲಿ ಹಾಲು ಹೋಗುತ್ತದೆ. ಸ್ವಿಚ್ ಬದಲಿಸಿದೆವು, ಸರಿಯಾಗಲಿಲ್ಲ.
— ಡೈರಿಯೊಂದರ ಆಪರೇಟರ್, ಉಡುಪಿ

ಸ್ವಿಚ್ಚನ್ನು ಬೈಯಬೇಡಿ. ಅದು ತನಗೆ ಕಂಡದ್ದನ್ನೇ ಹೇಳಿದೆ. ಅದಕ್ಕೆ ಕಾಣುವುದು ಆಕ್ಚುಯೇಟರಿನ ಶಾಫ್ಟ್ ಮಾತ್ರ. ಪೈಪಿನೊಳಗೆ ಹಾಲನ್ನು ತಡೆಯುವ ಬಿಲ್ಲೆ ಅದಕ್ಕೆ ಕಾಣುವುದಿಲ್ಲ. ಗುಮ್ಮಟವೂ ಅದೇ ಶಾಫ್ಟಿನ ಮೇಲೆ ಕೂತದ್ದು. ಹಾಗಾಗಿ ಇಬ್ಬರು ಸಾಕ್ಷಿ ಎಂದುಕೊಳ್ಳಬೇಡಿ, ಇರುವುದು ಒಬ್ಬನೇ.

ಶಾಫ್ಟಿನಿಂದ ಬಿಲ್ಲೆಯವರೆಗೆ ಏನೇನು ಉಂಟು ನೋಡಿ. ಕಪ್ಲಿಂಗ್ ಸವೆದು ಆಟ ಬಂದಿರಬಹುದು. ಶಾಫ್ಟನ್ನು ಹಿಡಿದಿಡುವ ಕೀ (ಸಣ್ಣ ಲೋಹದ ತುಂಡು) ಮುರಿದು ಆಕ್ಚುಯೇಟರ್ ಬರೀ ತಾನು ತಿರುಗುತ್ತಿರಬಹುದು. ಬ್ರಾಕೆಟಿನ ಬೋಲ್ಟ್ ಸಡಿಲವಾಗಿ ಇಡೀ ಆಕ್ಚುಯೇಟರೇ ಸ್ವಲ್ಪ ಓಲಾಡುತ್ತಿರಬಹುದು. ವಾಲ್ವ್ ಓಡಿಸುವಾಗ ಬ್ರಾಕೆಟಿನ ಮೇಲೆ ಬೆರಳಿಡಿ. ಅಲುಗಾಟ ಇದ್ದರೆ ಗೊತ್ತಾಗುತ್ತದೆ. ಕಪ್ಲಿಂಗಿನ ಸಂದಿಗೆ ಮಾತ್ರ ಬೆರಳು ಹಾಕಬೇಡಿ. ವಾಲ್ವಿನ ಕಡ್ಡಿಯ ತುದಿಯಲ್ಲಿ ಬಿಲ್ಲೆ ಯಾವ ದಿಕ್ಕಿಗಿದೆ ಎಂದು ತೋರಿಸುವ ಗೀಟು ಇದ್ದರೆ ಅದನ್ನು ನೋಡಿ. ಪರದೆಗಿಂತ ಅದನ್ನು ನಂಬಿ.

ಇದೆಲ್ಲ ಸರಿ ಇದ್ದರೆ ಬಿಲ್ಲೆ ಕೂರುವ ಸೀಟಿನ ರಬ್ಬರ್ ಹೋಗಿರಬಹುದು. ವಾಲ್ವ್ ಪೂರ್ತಿ ಮುಚ್ಚಿಯೂ ಸೋರಬಹುದು. ಸೋರುತ್ತದೆಯೋ ಇಲ್ಲವೋ ಎಂದು ಹೇಳುವುದು ಯಾವ ಲಿಮಿಟ್ ಸ್ವಿಚ್ಚಿನ ಕೆಲಸವೂ ಅಲ್ಲ.

ಮೂರನೆಯದು ಕ್ಯಾಮ್ ಸೆಟ್ಟಿಂಗ್. ಕೊನೆಯ ಬಿಂದುವಿನಲ್ಲೇ ಸ್ವಿಚ್ ಒತ್ತುವಂತೆ ಇಟ್ಟರೆ ಒಂದು ದಿನ ಬರುತ್ತದೆ, ಒಂದು ದಿನ ಬರುವುದಿಲ್ಲ. ಅದಕ್ಕೆ ಎರಡು ಮೂರು ಡಿಗ್ರಿ ಮೊದಲೇ ಒತ್ತುವಂತೆ ಇಡುತ್ತೇವೆ. ಅಲಾರಂ ಕಾಟ ತಪ್ಪಲಿ ಎಂದು ಯಾರಾದರೂ ಅದನ್ನು ಹತ್ತು ಡಿಗ್ರಿಗೆ ಸರಿಸಿದರೆ ಅರ್ಧಂಬರ್ಧ ಮುಚ್ಚಿದಾಗಲೇ 'ಕ್ಲೋಸ್' ಬಂದುಬಿಡುತ್ತದೆ. ಬಾಲ್ ವಾಲ್ವಾದರೆ ಚೂರು ಕ್ಷಮೆ ಉಂಟು. ಚೆಂಡಿನ ತೂತು ಸೀಟು ದಾಟಿ ಹೊರಬರುವವರೆಗೆ ಹರಿವು ಇಲ್ಲ. ನಿಮ್ಮ ಡೈರಿಯಲ್ಲಿರುವುದು ಹೆಚ್ಚಾಗಿ ಬಟರ್‌ಫ್ಲೈ ವಾಲ್ವ್. ಅದಕ್ಕೆ ಆ ಕ್ಷಮೆ ಇಲ್ಲ. ಬಿಲ್ಲೆ ಸೀಟು ಬಿಟ್ಟ ಕೂಡಲೇ ಹರಿಯುತ್ತದೆ.

ಡೈರಿ ಎಂದ ಕಾರಣ ಇಷ್ಟು ಉದ್ದ ಬರೆದೆ. ಒಂದು ಲೈನಿನಲ್ಲಿ ಹಾಲು ಇರುವಾಗ ಪಕ್ಕದ ಲೈನಿನಲ್ಲಿ ತೊಳೆಯುವ ಕಾಸ್ಟಿಕ್ ಸೋಡಾ ಓಡುತ್ತಿರುತ್ತದೆ, ಆಮೇಲೆ ನೈಟ್ರಿಕ್ ಆಸಿಡ್. ಮಧ್ಯೆ ಇರುವುದು ಇಂತಹ ವಾಲ್ವುಗಳೇ. ಇಂದೇ ನಿಮ್ಮ ಸೂಪರ್‌ವೈಸರಿಗೆ ಹೇಳಿ.

ಮೈಕ್ರೊ ಸ್ವಿಚ್, ಪ್ರಾಕ್ಸಿಮಿಟಿ, ರೀಡ್. ಯಾವುದು ಒಳ್ಳೆಯದು? ನಾಮುರ್ ಸೆನ್ಸರ್ ಎಂದರೇನು? ಪರೀಕ್ಷೆಗೆ ಬರಬಹುದು ಎಂದು ಸರ್ ಹೇಳಿದ್ದಾರೆ.
— ಡಿಪ್ಲೊಮಾ ವಿದ್ಯಾರ್ಥಿನಿ, ಕದ್ರಿ

ಪರೀಕ್ಷೆಗೆ ಬರುವುದು ನಿಮ್ಮ ಸರ್‌ಗೇ ಗೊತ್ತು ಮಗಾ. ಕೆಲಸಕ್ಕೆ ಬರುವುದನ್ನು ನಾನು ಹೇಳುತ್ತೇನೆ.

ಮೈಕ್ರೊ ಸ್ವಿಚ್ ಅಗ್ಗ, ಯಾವ ವೋಲ್ಟೇಜಿಗೂ ನಡೆಯುತ್ತದೆ, ಮೀಟರ್ ಇಟ್ಟು ನೋಡುವುದು ಸುಲಭ. ಆದರೆ ಒಂದು ಗುಟ್ಟು ಉಂಟು. ಬೆಳ್ಳಿಯ ಕಾಂಟ್ಯಾಕ್ಟ್ ಇರುವ ಸ್ವಿಚ್ಚಿನಲ್ಲಿ ಪಿಎಲ್‌ಸಿಯ ಕೆಲವೇ ಮಿಲಿಆಂಪ್ ಹರಿಸಿದರೆ ಅದು ಬೇಗ ಮಂಕಾಗುತ್ತದೆ. ಬೆಳ್ಳಿಯ ಮೇಲೆ ಕಪ್ಪು ಪೊರೆ ಕಟ್ಟುತ್ತದೆ, ಗಂಧಕದ ಗಾಳಿ ಇರುವಲ್ಲಿ ಇನ್ನೂ ಜಾಸ್ತಿ. ಅಷ್ಟು ಸಣ್ಣ ಕರೆಂಟಿಗೆ ಆ ಪೊರೆಯನ್ನು ಸುಟ್ಟು ದಾಟುವ ಶಕ್ತಿ ಇಲ್ಲ. ಅದಕ್ಕೆ ಚಿನ್ನದ ಲೇಪದ ಕಾಂಟ್ಯಾಕ್ಟ್ ಕೇಳಿ. ರೀಡ್ ಸ್ವಿಚ್ ಗಾಜಿನ ಕೊಳವೆಯೊಳಗೆ ಇರುವುದರಿಂದ ಹವೆಯ ಕಾಟ ಇಲ್ಲ, ಆಯಸ್ಕಾಂತ ಹತ್ತಿರ ಬಂದರೆ ಸೇರುತ್ತದೆ. ಆದರೆ ಒಂದು ಸಲ ಜಾಸ್ತಿ ಕರೆಂಟ್ ಹೋದರೆ ಎಲೆಗಳು ಅಂಟಿಕೊಳ್ಳುತ್ತವೆ.

ಪ್ರಾಕ್ಸಿಮಿಟಿಯಲ್ಲಿ ತಾಗುವ ಭಾಗವೇ ಇಲ್ಲ. ಲೋಹ ಹತ್ತಿರ ಬಂದರೆ ಗೊತ್ತಾಗುತ್ತದೆ. ಸವೆಯುವುದಿಲ್ಲ. ಅದರಲ್ಲೇ ನಾಮುರ್ ಒಂದು ಬಗೆ. ಎರಡೇ ವೈರ್, 8.2 ವೋಲ್ಟ್. ಎದುರು ಲೋಹ ಇಲ್ಲದಿದ್ದರೆ 2.1 ಮಿಲಿಆಂಪಿಗಿಂತ ಜಾಸ್ತಿ ಎಳೆಯುತ್ತದೆ, ಲೋಹ ಇದ್ದರೆ 1.2ಕ್ಕಿಂತ ಕಡಿಮೆ. ಇದರ ಚೆಂದ ಎಲ್ಲಿ ಉಂಟು ನೋಡಿ. ಎರಡು ಸ್ಥಿತಿಯಲ್ಲೂ ಸ್ವಲ್ಪ ಕರೆಂಟ್ ಇದ್ದೇ ಇರುತ್ತದೆ. ಹಾಗಾಗಿ ಸೊನ್ನೆ ಬಂದರೆ ವೈರ್ ತುಂಡಾಗಿದೆ, ತುಂಬ ಮೇಲೆ ಹೋದರೆ ಶಾರ್ಟ್ ಆಗಿದೆ. ಮೈಕ್ರೊ ಸ್ವಿಚ್ಚಿನಲ್ಲಿ ವೈರ್ ತುಂಡಾದರೂ ಸ್ವಿಚ್ ಬಿಟ್ಟರೂ ಒಂದೇ ತರ ಕಾಣುತ್ತದೆ. ಕರೆಂಟ್ ಇಷ್ಟು ಕಡಿಮೆ ಆದ್ದರಿಂದ ಕರೆಂಟನ್ನು ಮಿತಿಯಲ್ಲಿಡುವ ಸರಿಯಾದ ಬ್ಯಾರಿಯರ್ ಜೊತೆ ಇದನ್ನು ಗ್ಯಾಸ್ ಇರುವ ಜಾಗದಲ್ಲೂ ಹಾಕಬಹುದು. ನನ್ನನ್ನು ಕೇಳಿದರೆ, ಕಂಟ್ರೋಲ್ ರೂಮಿನಲ್ಲಿ ಬ್ಯಾರಿಯರ್ ಉಂಟು ಎಂದಾದರೆ ನಾಮುರ್. ಇಲ್ಲವಾದರೆ ಚಿನ್ನದ ಕಾಂಟ್ಯಾಕ್ಟಿನ ಮೈಕ್ರೊ ಸ್ವಿಚ್. ರೀಡ್ ನನಗೆ ಅಷ್ಟು ಹಿಡಿಸಿಲ್ಲ.

ಅಡಿಕೆ ತೋಟಕ್ಕೆ ಮೊಬೈಲಿನಿಂದ ವಾಲ್ವ್ ತೆರೆಯುವ ವ್ಯವಸ್ಥೆ ಹಾಕಿಸಿದ್ದೇನೆ. ಆ್ಯಪ್‌ನಲ್ಲಿ ಮೂರನೇ ವಾಲ್ವ್ ಓಪನ್ ಎಂದು ಬರುತ್ತದೆ. ತೋಟಕ್ಕೆ ಹೋದರೆ ಸ್ಪ್ರಿಂಕ್ಲರ್ ತಿರುಗುವುದಿಲ್ಲ. ಹಾಕಿದವರು 'ಆ್ಯಪ್ ಸರಿ ಉಂಟಲ್ಲ' ಎನ್ನುತ್ತಾರೆ.
— ಕೃಷಿಕರು, ಕಾರ್ಕಳ

ಆ್ಯಪ್ ಹೇಳುವುದು 'ನಾನು ಕಾಯಿಲಿಗೆ ಕರೆಂಟ್ ಕಳಿಸಿದೆ' ಎಂದು ಮಾತ್ರ. ಮೇಲೆ ಬರೆದ ಅಮೆರಿಕದ ದೀಪದ್ದೂ ಇದೇ ಕತೆ ಅಣ್ಣ. ತೋಟದ ವಾಲ್ವುಗಳಿಗೆ ಫೀಡ್‌ಬ್ಯಾಕ್ ಇರುವುದು ಅಪರೂಪ.

ವಾಲ್ವಿನ ಮೇಲೆ ಗಾಳಿ ಬಿಡುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಪಂಪ್ ಓಡುವಾಗ ಅದನ್ನು ಕೈಯಲ್ಲಿ ಸ್ವಲ್ಪ ಸಡಿಲಿಸಿ. ಸ್ಪ್ರಿಂಕ್ಲರ್ ತಿರುಗಿದರೆ ವಾಲ್ವ್ ಸರಿ, ಕರೆಂಟಿನ ಕಡೆ ತಪ್ಪು: ಕಾಯಿಲ್, ವೈರ್ ಜಾಯಿಂಟ್, ಇರುವೆ ತಿಂದ ಟೇಪ್. ತಿರುಗದಿದ್ದರೆ ನೀರಿನ ಕಡೆ ತಪ್ಪು. ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ವಾಲ್ವಿನೊಳಗಿನ ರಬ್ಬರ್ ಪರದೆಯ (ಡಯಾಫ್ರಂ) ಅಡಿಯಲ್ಲಿ ಕಸ ಕೂತಿರಬಹುದು. ಈ ವಾಲ್ವುಗಳು ನೀರಿನ ಒತ್ತಡದಿಂದಲೇ ಕೆಲಸ ಮಾಡುವುದು. ಒತ್ತಡ ತುಂಬ ಕಡಿಮೆ ಇದ್ದರೂ ಸರಿಯಾಗಿ ಓಡುವುದಿಲ್ಲ.

ಪ್ರತಿ ವಾಲ್ವಿಗೂ ಲಿಮಿಟ್ ಸ್ವಿಚ್ ಹಾಕಿ ದುಡ್ಡು ಹಾಳು ಮಾಡಬೇಡಿ. ನಿಮಗೆ ಬೇಕಾದದ್ದು ವಾಲ್ವಿನ ಸುದ್ದಿ ಅಲ್ಲ, ನೀರಿನ ಸುದ್ದಿ. ಮುಖ್ಯ ಪೈಪಿಗೆ ಪಲ್ಸ್ ಕೊಡುವ ಒಂದು ವಾಟರ್ ಮೀಟರ್ ಹಾಕಿಸಿ, ಅದನ್ನು ಅದೇ ಕಂಟ್ರೋಲರಿಗೆ ಜೋಡಿಸಲಾಗುತ್ತದೆಯೇ ಕೇಳಿ. ಒಂದು ಸಲಕ್ಕೆ ಒಂದೇ ವಾಲ್ವ್ ತೆರೆಯುವುದಾದರೆ ಎಲ್ಲ ವಾಲ್ವಿಗೂ ಅದೊಂದೇ ಮೀಟರ್ ಸಾಕು.

ಮೊದಲು ವಿದ್ಯುತ್ ಸ್ಥಾವರದಲ್ಲಿದ್ದೆ. ಅಲ್ಲಿ ಕೆಂಪು ಎಂದರೆ ವಾಲ್ವ್ ತೆರೆದಿದೆ. ಈಗ ರಾಸಾಯನಿಕ ಕಾರ್ಖಾನೆಗೆ ಬಂದಿದ್ದೇನೆ. ಇಲ್ಲಿ ಗುಮ್ಮಟದಲ್ಲಿ ಕೆಂಪು ಎಂದರೆ ಮುಚ್ಚಿದೆ. ಯಾವುದು ಸರಿ?
— ಓದುಗರು, ಪಡುಬಿದ್ರಿ

ಎರಡೂ ಸರಿ. ಕರೆಂಟಿನವರಿಗೆ ಕೆಂಪು ಎಂದರೆ ಓಡುತ್ತಿದೆ, ಹತ್ತಿರ ಬರಬೇಡ. ಬ್ರೇಕರಿನಿಂದ ಬಂದ ಅಭ್ಯಾಸ ಅದು. ಉಳಿದವರಿಗೆ ಕೆಂಪು ಎಂದರೆ ನಿಂತಿದೆ. ಜಗಳ ಮಾಡಿ ಪ್ರಯೋಜನ ಇಲ್ಲ. ಬಣ್ಣ ಬಿಟ್ಟು ಗುಮ್ಮಟದ ಮೇಲಿನ ಅಕ್ಷರ ಓದಿ. ಎರಡು ಬಗೆಯ ಗುಮ್ಮಟ ಒಂದೇ ಪ್ಲಾಂಟಿನಲ್ಲಿ ಇದ್ದರೆ ಮಾತ್ರ ಲಿಖಿತವಾಗಿ ದೂರು ಕೊಡಿ.

ನಮ್ಮ ಟ್ಯಾಂಕಿನ ತುರ್ತು ವಾಲ್ವ್ ವರ್ಷವಿಡೀ ತೆರೆದೇ ಇರುತ್ತದೆ. ಫೀಡ್‌ಬ್ಯಾಕ್ ಯಾವಾಗ ನೋಡಿದರೂ 'ಓಪನ್'. ಬೇಕಾದಾಗ ಮುಚ್ಚುತ್ತದೆ ಎಂದು ನಂಬುವುದು ಹೇಗೆ?
— ಸುರಕ್ಷತಾ ವಿಭಾಗದವರು, ಮಂಗಳೂರು

ನಂಬಬೇಡಿ, ಅಲುಗಾಡಿಸಿ ನೋಡಿ. ಜೈಪುರದ ಇಂಧನ ಟರ್ಮಿನಲ್ಲಿನಲ್ಲಿ 2009ರ ಅಕ್ಟೋಬರ್ 29ರಂದು ಪೆಟ್ರೋಲ್ ಸೋರಿ ಬೆಂಕಿ ಬಿದ್ದ ಮೇಲೆ, ಟ್ಯಾಂಕುಗಳಿಗೆ ದೂರದಿಂದ ಮುಚ್ಚುವ ವಾಲ್ವ್ ಹಾಕಬೇಕು ಎಂದು ತನಿಖಾ ಸಮಿತಿ ಶಿಫಾರಸು ಮಾಡಿತು. ಹಾಕಿದ್ದು ಒಳ್ಳೆಯದೇ. ಆದರೆ ತಿಂಗಳುಗಟ್ಟಲೆ ಅಲುಗಾಡದ ವಾಲ್ವ್ ಅಲ್ಲೇ ಹಿಡಿದುಕೊಳ್ಳುತ್ತದೆ. 'ಓಪನ್' ಎಂಬ ಫೀಡ್‌ಬ್ಯಾಕಿಗೆ ಆ ವಿಷಯ ಗೊತ್ತೇ ಆಗುವುದಿಲ್ಲ.

ಅದಕ್ಕೇ ಪಾರ್ಶಿಯಲ್ ಸ್ಟ್ರೋಕ್ ಟೆಸ್ಟ್ ಇರುವುದು. ಪ್ಲಾಂಟ್ ನಿಲ್ಲಿಸದೆ ವಾಲ್ವನ್ನು ನೂರಕ್ಕೆ ಹತ್ತು ಇಪ್ಪತ್ತರಷ್ಟು ಮುಚ್ಚಿ ವಾಪಸ್ ತೆರೆಯುವುದು. ಎರಡು ತುದಿಯ ಸ್ವಿಚ್ ಇದಕ್ಕೆ ಸಾಲದು. ಮಧ್ಯದಲ್ಲಿ ಎಲ್ಲಿದೆ ಎಂದು ಅವಕ್ಕೆ ಗೊತ್ತಿಲ್ಲ. 4ರಿಂದ 20 ಮಿಲಿಆಂಪ್ ಕೊಡುವ ಪೊಸಿಷನ್ ಟ್ರಾನ್ಸ್‌ಮಿಟರ್ ಬೇಕು, ಅಥವಾ ಈ ಟೆಸ್ಟ್ ತಾನೇ ಮಾಡುವ ಸ್ಮಾರ್ಟ್ ಪೊಸಿಷನರ್. ಮುಚ್ಚಿದರೆ 4, ಪೂರ್ತಿ ತೆರೆದರೆ 20, ವೈರ್ ಹೋದರೆ ಸೊನ್ನೆ. ವಾಲ್ವ್ ಹೊರಡಲು ಎಷ್ಟು ಹೊತ್ತು ತಡ ಮಾಡಿತು ಎಂದು ಪ್ರತಿ ಸಲ ಬರೆದಿಡಿ. ತಡ ಬೆಳೆಯುತ್ತಾ ಹೋದರೆ ಶಟ್‌ಡೌನಿಗೆ ಕಾಯದೆ ಹೇಳಿ.

ರಾತ್ರಿ ಪಾಳಿಯಲ್ಲಿ ಫೀಡ್‌ಬ್ಯಾಕ್ ಬರದೆ ಪಂಪ್ ಸ್ಟಾರ್ಟ್ ಆಗುವುದಿಲ್ಲ. ಹೋಗಿ ನೋಡಿದರೆ ವಾಲ್ವ್ ತೆರೆದೇ ಇರುತ್ತದೆ. ಟರ್ಮಿನಲ್ಲಿಗೆ ಜಂಪರ್ (ಸ್ವಿಚ್ಚನ್ನು ತಪ್ಪಿಸಿ ಜೋಡಿಸುವ ತುಂಡು ವೈರ್) ಹಾಕಿ ಓಡಿಸುತ್ತೇವೆ. ತಪ್ಪಾ?
— ಕಾರ್ಖಾನೆಯ ಉದ್ಯೋಗಿ, ಕಾಟಿಪಳ್ಳ

ನೀವು ಹಾಕಿದ ರಾತ್ರಿ ವಾಲ್ವ್ ತೆರೆದಿತ್ತು. ನಾಳೆ ರಾತ್ರಿಯೂ ತೆರೆದಿರುತ್ತದೆ ಎಂದು ಆ ಜಂಪರಿಗೆ ಯಾರು ಹೇಳಿದರು? ಅದು ವಾಲ್ವ್ ಮುಚ್ಚಿದ್ದರೂ 'ಓಪನ್' ಎಂದೇ ಹೇಳುತ್ತದೆ. ಮುಚ್ಚಿದ ವಾಲ್ವಿಗೆ ಪಂಪ್ ಒತ್ತಿದರೆ ಮೊದಲು ಸೀಲ್ ಹೋಗುತ್ತದೆ, ಆಮೇಲೆ ಏನು ಹೋಗುತ್ತದೆ ಎಂಬುದು ಪೈಪಿನಲ್ಲಿ ಏನು ಉಂಟು ಎನ್ನುವುದರ ಮೇಲೆ.

ಹಾಕಲೇಬೇಕಾದ ಹೊತ್ತು ಬರುತ್ತದೆ, ಅದು ನನಗೂ ಗೊತ್ತು. ಆಗ ಶಿಫ್ಟ್ ಇನ್‌ಚಾರ್ಜ್ ಸಹಿ ಬೇಕು, ಬೈಪಾಸ್ ರಿಜಿಸ್ಟರಿನಲ್ಲಿ ವಾಲ್ವಿನ ನಂಬರ್ ಮತ್ತು ಹೊತ್ತು ಬೇಕು. ಜಂಪರ್ ವೈರ್ ಕಣ್ಣಿಗೆ ಹೊಡೆಯುವ ಬಣ್ಣದ್ದಾಗಿರಲಿ, ತುದಿಯಲ್ಲಿ ಒಂದು ಚೀಟಿ ಕಟ್ಟಿ. ಟರ್ಮಿನಲ್ಲಿನ ಬಣ್ಣದ್ದೇ ಸಣ್ಣ ತುಂಡು ವೈರ್ ಹಾಕಿದರೆ ಅದು ಅಲ್ಲೇ ಮರೆತುಹೋಗುತ್ತದೆ. ಜಂಪರ್ ಇರುವಷ್ಟು ಹೊತ್ತೂ ಒಬ್ಬ ಮನುಷ್ಯ ವಾಕಿಟಾಕಿ ಹಿಡಿದು ಆ ವಾಲ್ವಿನ ಹತ್ತಿರ ನಿಂತು ಗುಮ್ಮಟ ನೋಡಿ ಹೇಳಬೇಕು. ಬೆಳಗಿನ ಪಾಳಿಯ ಇನ್‌ಸ್ಟ್ರುಮೆಂಟಿನವರು ಬಂದ ಕೂಡಲೇ ಮೊದಲ ಕೆಲಸ ಅದೇ ಆಗಲಿ. ಸ್ವಿಚ್ ಸರಿಮಾಡಿ ಜಂಪರ್ ತೆಗೆದ ಮೇಲೆ ಪರ್ಮಿಟ್ ಮುಚ್ಚುವ ಮೊದಲು ವಾಲ್ವನ್ನು ಒಂದು ಸಲ ಪೂರ್ತಿ ಮುಚ್ಚಿ ಪೂರ್ತಿ ತೆರೆದು, ಎರಡೂ ಸಿಗ್ನಲ್ ಪರದೆಗೆ ಬಂದದ್ದನ್ನು ನೋಡಿಯೇ ಸಹಿ ಹಾಕಿ.